ಕುರ್ಚಿಯ ಮೇಲಿನ ಕೋಟು

ಕಳೆದ ವರ್ಷದ ಬಹುಮಾನ ವಿತರಣ ಸಮಾರಂಭಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಇಂಗ್ಲೆಂಡಿನ ದೊಡ್ಡ ಊರೊಂದರ ಕಚೇರಿಯಲ್ಲಿ ಅವರಿಗೆ ಉದ್ಯೋಗ. ಸೂಟಿಯ ಮೇಲೆ ಊರಿಗೆ ಬಂದವರು, ಗುರುಗಳನ್ನು ಕಂಡು ಹೋಗಬೇಕೆಂದು ಶಾಲೆಗೂ ಬಂದರು. ಸಮಾರಂಭ ಮುಗಿದ ಮೇಲೆ ಚಹ ಕುಡಿಯುವಾಗ, ಮುಂದೆ ಕುಳಿತಿದ್ದ ಹಿರಿಯ ಪಾಲಕರೊಬ್ಬರು ಅವರನ್ನು ಕೇಳಿದರು:

"ತಮ್ಮಾ, ಅಲ್ಲಿ ದಿನಕ್ಕ ಎಷ್ಟು ತಾಸು ದುಡೀಬೇಕು?"

"ಕಾಕಾ, ಕಾಗದದ ಮ್ಯಾಲೆ ಏಳೂವರಿ ತಾಸು. ಕುರ್ಚಿ ಮ್ಯಾಲೆ ಹತ್ತು ತಾಸು."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ತಮ್ಮ ಹಿಂದಿನ ಕಚೇರಿಯಲ್ಲಿ ಕೆಲವರು ಸಂಜೆ ಮನೆಗೆ ಹೋಗುವಾಗ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿಯೇ ಹೋಗುತ್ತಿದ್ದರೆಂದು ಹೇಳಿದರು. ಮೇಲಧಿಕಾರಿ ಆ ಕಡೆ ಸುಳಿದರೆ, "ಇವನು ಇಲ್ಲಿಯೇ ಎಲ್ಲಿಯೋ ಇದ್ದಾನೆ" ಎಂದು ತಿಳಿಯಲಿ ಎಂಬುದು ಇದರ ಉದ್ದೇಶ. ಅದಕ್ಕಾಗಿಯೇ ಎರಡನೆಯ ಕೋಟೊಂದನ್ನು ಕೊಂಡವರೂ ಇದ್ದರಂತೆ.

ಗಡಿಯಾರದ ಮುಳ್ಳಿಗೆ ಸರಿಯಾಗಿ ನಡೆಯುವ ಜನರೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದ ಆ ನಾಡಿನಲ್ಲಿ ಇಂಥ ನಾಟಕವೇಕೆ? ದುಡಿಮೆ ಬೇರೆ, ದುಡಿಯುತ್ತಿರುವಂತೆ ಕಾಣುವುದು ಬೇರೆ. ಇವೆರಡೂ ಅಲ್ಲಿ ಹೇಗೆ ಒಂದಾದುವು? ನಮ್ಮ ಮಕ್ಕಳಲ್ಲಿ ಹಲವರು ನಾಳೆ ಇಂಥ ಕಚೇರಿಗಳಲ್ಲಿಯೇ ಕೂಡ್ರುವವರು. ಆದುದರಿಂದ ಈ ವಿಷಯವನ್ನು ಬುಡದಿಂದ ನೋಡುವುದು ಒಳಿತೆಂದು ನಮಗೆ ತೋರಿತು.

ಗಿರಣಿಗಳು ಹುಟ್ಟುವುದಕ್ಕೆ ಮೊದಲು ಬ್ರಿಟನ್ನಿನ ದುಡಿಮೆಗಾರನು ತಾಸುಗಳನ್ನು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಮಗ್ಗ ಹಾಕಿಕೊಂಡಿದ್ದ ನೇಕಾರನು ಒಂದು ಹಾಸು ಮುಗಿಸಿದರೆ ಅದಕ್ಕೆ ಕೂಲಿ. ಅದನ್ನು ಯಾವಾಗ ಮುಗಿಸಿದನೆಂಬುದು ಅವನ ಸ್ವಂತ ವಿಚಾರ. ವಾರದ ಕೊನೆಗೆ ರಾತ್ರಿ ಹಗಲು ನೇಯ್ದು, ಭಾನುವಾರ ವಿಶ್ರಮಿಸಿ, ಸೋಮವಾರವನ್ನೂ ಹರಟೆಯಲ್ಲಿ ಕಳೆಯುವ ವಾಡಿಕೆ ಎಷ್ಟು ಬಲವಾಗಿದ್ದಿತೆಂದರೆ, ಜನರು ಅದನ್ನು ‘ಸಂತ ಸೋಮವಾರ’ ಎಂದು ಹಾಸ್ಯದಿಂದ ಕರೆಯುತ್ತಿದ್ದರು. ಸಂತರ ಪಟ್ಟಿಯಲ್ಲಿ ಇಲ್ಲದ ಈ ಸಂತನಿಗೆ ಭಕ್ತರು ಮಾತ್ರ ಬಹಳ. ನಮ್ಮ ಸೊಲ್ಲಾಪುರದ ಕೈಮಗ್ಗದ ಮನೆಗಳನ್ನು ಬಲ್ಲವರಿಗೆ ಈ ರೀತಿಯ ದುಡಿಮೆ ಹೊಸದೆನಿಸಲಾರದು.

1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬಾತನು ನೂಲುವ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. 1771ರಲ್ಲಿ ಡರ್ಬಿಶೈರ್ ಪ್ರಾಂತದ ಕ್ರಾಮ್‌ಫರ್ಡ್ ಎಂಬಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿಯನ್ನು ಆರಂಭಿಸಿದನು. ಹರಿಯುವ ನೀರಿಗೆ ಹಗಲಿಲ್ಲ, ರಾತ್ರಿಯಿಲ್ಲ. ಯಂತ್ರಕ್ಕೆ ಹಾಕಿದ ಬಂಡವಾಳವೂ ನಿದ್ರಿಸಬಾರದು. ಆದುದರಿಂದ ಜನರನ್ನು ಹನ್ನೆರಡು ತಾಸಿನ ಎರಡು ಪಾಳಿಗಳಲ್ಲಿ ಹಂಚಿ, ಗಂಟೆ ಬಾರಿಸಿ ಒಳಗೆ ಕರೆದುಕೊಳ್ಳುವ ಪದ್ಧತಿ ಬಂದಿತು. ಕುಂಬಾರಿಕೆಯ ದೊಡ್ಡ ಉದ್ಯಮಿಯಾದ ಜೊಸಾಯ ವೆಜ್‌ವುಡ್ ಸಹ ತನ್ನ ಎಟ್ರೂರಿಯಾ ಕಾರಖಾನೆಯಲ್ಲಿ ಗಂಟೆಯನ್ನು ಕಟ್ಟಿಸಿ, ಯಾರು ಯಾವ ಹೊತ್ತಿಗೆ ಬಂದರೆಂಬುದನ್ನು ಬರೆದಿಡುವ ಏರ್ಪಾಡು ಮಾಡಿದನು. ಅಲ್ಲಿಂದ ಮುಂದೆ ಕೂಲಿಕಾರನು ಮಾರುವ ವಸ್ತು ಬಟ್ಟೆಯಲ್ಲ, ಮಡಕೆಯಲ್ಲ, ತನ್ನ ಹೊತ್ತನ್ನು.

ಹೊತ್ತು ಮಾರಾಟದ ಸರಕಾದ ಮೇಲೆ ಅದರ ತೂಕದಲ್ಲಿಯೂ ಮೋಸ ಸೇರದೆ ಇರುವುದೇ? ಕೆಲವು ಗಿರಣಿಗಳಲ್ಲಿ ಮುಂಜಾನೆ ಗಡಿಯಾರವನ್ನು ಮುಂದೂಡಿ, ಸಂಜೆ ಹಿಂದೂಡುತ್ತಿದ್ದರೆಂದೂ, ಕೂಲಿಕಾರರು ತಮ್ಮ ಬಳಿ ಗಡಿಯಾರ ಇಟ್ಟುಕೊಳ್ಳಲು ಅಂಜುತ್ತಿದ್ದರೆಂದೂ ಆ ಕಾಲದ ಬರಹಗಳಲ್ಲಿ ಕಾಣುತ್ತದೆ. ತಡವಾಗಿ ಬಂದವನಿಗೆ ದಂಡ. ಆದರೆ ತಡವಾಯಿತೆಂದು ತೀರ್ಮಾನಿಸುವ ಗಡಿಯಾರ ಮಾಲಕನದು. 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಎಂಬ ಸಭಾಸದನ ಅಧ್ಯಕ್ಷತೆಯಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಕುಳಿತು ಗಿರಣಿಯ ಮಕ್ಕಳ ಸಾಕ್ಷ್ಯವನ್ನು ಬರೆದುಕೊಂಡಾಗ, ಇಡಿಯ ದೇಶವು ತಲೆತಗ್ಗಿಸಬೇಕಾಯಿತು. ಈ ಲೇಖನವನ್ನು ಓದುತ್ತಿರುವ ಐದನೆಯ ಇಯತ್ತೆಯ ಬಾಲಕರ ವಯಸ್ಸಿನವರು ಅಲ್ಲಿ ದಿನಕ್ಕೆ ಹನ್ನೆರಡು, ಹದಿಮೂರು ತಾಸು ನೂಲಿನ ಎಳೆಗಳನ್ನು ಕೂಡಿಸುತ್ತ ನಿಂತಿರುತ್ತಿದ್ದರು.

ಮಾಲಕರೆಲ್ಲರೂ ಕ್ರೂರಿಗಳಾಗಿದ್ದರೆಂದು ಹೇಳುವುದು ನ್ಯಾಯವಾಗದು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ 1800ರಲ್ಲಿ ಗಿರಣಿಯ ಆಡಳಿತವನ್ನು ವಹಿಸಿಕೊಂಡ ರಾಬರ್ಟ್ ಓವೆನ್ ಎಂಬವನ ಕಥೆಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಹತ್ತು ವರ್ಷಕ್ಕೆ ಕಡಿಮೆ ವಯಸ್ಸಿನ ಮಕ್ಕಳನ್ನು ಆತನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗಾಗಿ ಶಾಲೆ ತೆರೆದನು. ಒಮ್ಮೆ ಅಮೇರಿಕೆಯಿಂದ ಹತ್ತಿ ಬರುವುದು ನಿಂತು ಗಿರಣಿಯು ನಾಲ್ಕು ತಿಂಗಳು ಸುಮ್ಮನಾದಾಗ, ಯಂತ್ರಗಳನ್ನು ಒರಸಿಡುವುದರ ಹೊರತು ಬೇರೆ ಕೆಲಸವಿಲ್ಲದ ಜನರಿಗೆ ಪೂರ್ಣ ಪಗಾರ ಕೊಟ್ಟನು. ಅಲ್ಲಿಯವರೆಗೆ ಅವನನ್ನು ಸಂಶಯದಿಂದ ನೋಡುತ್ತಿದ್ದ ಕೂಲಿಕಾರರ ಮನಸ್ಸು ಆಗ ತಿರುಗಿತು.

ಆದರೆ ಇದೇ ಓವೆನ್ನನು ‘ಮೂಕ ಕಾವಲುಗಾರ’ ಎಂಬ ಯುಕ್ತಿಯನ್ನೂ ಹೂಡಿದವನು. ಪ್ರತಿಯೊಬ್ಬನ ಯಂತ್ರದ ಬಳಿ ನಾಲ್ಕು ಮುಖದ ಒಂದು ಕಟ್ಟಿಗೆಯ ತುಂಡನ್ನು ತೂಗುಬಿಟ್ಟಿರುತ್ತಿದ್ದರು. ಕಪ್ಪು ಮುಖ ಮುಂದಿದ್ದರೆ ನಿನ್ನೆಯ ನಡತೆ ಕೆಟ್ಟದು, ನೀಲಿಯಾದರೆ ಸಾಧಾರಣ, ಹಳದಿಯಾದರೆ ಒಳ್ಳೆಯದು, ಬಿಳಿಯಾದರೆ ಅತ್ಯುತ್ತಮ. ಹೊಡೆತವಿಲ್ಲ, ಬೈಗಳಿಲ್ಲ. ಓವೆನ್ನನು ಸುಮ್ಮನೆ ನಡೆದುಹೋಗಿ ಬಣ್ಣವನ್ನು ನೋಡುವನು, ಅಷ್ಟೆ. ಚಾಬೂಕಿನ ಕಾಲದಲ್ಲಿ ಇದು ಬಹು ದಯೆಯ ಪದ್ಧತಿಯೇ ಸರಿ. ಆದರೂ ನಿತ್ಯವೂ ನಾಲ್ಕು ಜನರ ಕಣ್ಣೆದುರು ತನ್ನ ಬಣ್ಣವನ್ನು ತೂಗುಹಾಕಿಕೊಂಡು ದುಡಿಯುವವನ ಮನಸ್ಸು ಹೇಗಿದ್ದೀತು? ಕುರ್ಚಿಯ ಮೇಲಿನ ಕೋಟಿಗೂ ಈ ಕಟ್ಟಿಗೆಗೂ ಏನೋ ನಂಟಿದೆಯೆಂದು ನಮಗೆ ಅನಿಸುತ್ತದೆ.

ಕಾಯಿದೆಗಳ ಇತಿಹಾಸವು ದೀರ್ಘವಾದುದು, ಮುಖ್ಯವಾದುವನ್ನಷ್ಟೇ ಹೇಳುವೆವು. 1833ರ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರ ದುಡಿಮೆಯನ್ನು ತಡೆಯಿತು. ಒಂಬತ್ತರಿಂದ ಹದಿಮೂರರ ಮಕ್ಕಳಿಗೆ ವಾರಕ್ಕೆ 48 ತಾಸಿನ ಮಿತಿಯನ್ನೂ ದಿನಕ್ಕೆ ಎರಡು ತಾಸಿನ ಶಾಲೆಯನ್ನೂ ವಿಧಿಸಿತು. ಇಡಿಯ ದೇಶಕ್ಕೆ ನಾಲ್ವರು ತನಿಖೆದಾರರನ್ನು ನೇಮಿಸಿದರು. 1847ರಲ್ಲಿ ಹೆಂಗಸರಿಗೂ ಹರೆಯದವರಿಗೂ ಹತ್ತು ತಾಸಿನ ಕಾಯಿದೆ ಆಯಿತು. ಇದಕ್ಕಾಗಿ ಹೋರಾಡಿದವರಲ್ಲಿ ಜಾನ್ ಫೀಲ್ಡನ್ ಎಂಬಾತನು ತಾನೇ ಗಿರಣಿಯ ಮಾಲಕನಾಗಿದ್ದನೆಂಬುದು ಗಮನಾರ್ಹ. 1850ರ ಕಾಯಿದೆಯು ಶನಿವಾರ ಮಧ್ಯಾಹ್ನ ಎರಡಕ್ಕೆ ಇವರ ಕೆಲಸ ನಿಲ್ಲಬೇಕೆಂದಿತು. ಶನಿವಾರದ ಅರ್ಧ ದಿನದ ಸೂಟಿಯು ಬಲಗೊಂಡು ಬೆಳೆದುದು ಇದರಿಂದಲೇ.

ಮಾಲಕರು ಇವನ್ನೆಲ್ಲ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಅವರ ಪರವಾಗಿ 1837ರಲ್ಲಿ ನಸಾವ್ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞನು ಲೆಕ್ಕ ಹಾಕಿ ತೋರಿಸಿದನು: ಗಿರಣಿಯ ನಿವ್ವಳ ಲಾಭವೆಲ್ಲವೂ ದಿನದ ಕೊನೆಯ ಒಂದು ತಾಸಿನಲ್ಲಿಯೇ ಹುಟ್ಟುತ್ತದೆ, ಆ ತಾಸನ್ನು ಕಡಿದರೆ ಲಾಭವೇ ಮಾಯವಾಗುತ್ತದೆ! ಕಾಗದದ ಮೇಲೆ ಲೆಕ್ಕವು ಸರಿಯಾಗಿಯೇ ಕಾಣುತ್ತಿದ್ದಿತು. ಆದರೆ ಮನುಷ್ಯನು ಹನ್ನೆರಡನೆಯ ತಾಸಿನಲ್ಲಿ ಮೊದಲನೆಯ ತಾಸಿನಷ್ಟೇ ಚುರುಕಾಗಿರುವನೆಂದು ಆತನು ನಂಬಿದ್ದನು. ತಾಸು ಇಳಿದ ಮೇಲೆ ಲ್ಯಾಂಕಶೈರಿನ ಗಿರಣಿಗಳು ಮುಚ್ಚಲಿಲ್ಲ, ಇನ್ನಷ್ಟು ಬೆಳೆದುವು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತು. ಮುಂಬಯಿ ಪ್ರಾಂತದಲ್ಲಿ ಗಿರಣಿಗಳು ಏಳತೊಡಗಿದಾಗ (ಸೊಲ್ಲಾಪುರದ ‘ಜುನೀ ಗಿರಣಿ’ ಸ್ಥಾಪಿತವಾದುದು 1877ರಲ್ಲಿ), ಇಲ್ಲಿಯ ಕೂಲಿಕಾರರ ದುಡಿಮೆಗೆ ಮಿತಿ ಬೇಕೆಂದು ಗಟ್ಟಿಯಾಗಿ ಕೂಗಿದವರಲ್ಲಿ ಲ್ಯಾಂಕಶೈರಿನ ಮಾಲಕರೂ ಇದ್ದರು. ಕರುಣೆಯ ಜೊತೆಗೆ ಪೈಪೋಟಿಯ ಭಯವೂ ಅದರಲ್ಲಿದ್ದಿತೆಂಬುದನ್ನು ಇಲ್ಲಿಯವರು ಆಗಲೇ ಅರಿತಿದ್ದರು. 1881ರ ಮೊದಲ ಹಿಂದೀ ಕಾರಖಾನೆ ಕಾಯಿದೆಯು ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ ಬಿಡಿಸಿತು. ಏಳರಿಂದ ಹನ್ನೆರಡರವರಿಗೆ ಒಂಬತ್ತು ತಾಸು! 1891ರಲ್ಲಿ ವಾರದ ಸೂಟಿ ಬಂದಿತು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, ಕಡೆಗೆ 1946ರಲ್ಲಿ, ಕಾರ್ಮಿಕ ಖಾತೆಯನ್ನು ವಹಿಸಿದ್ದ ಡಾ. ಅಂಬೇಡಕರರು ಮಂಡಿಸಿದ ತಿದ್ದುಪಡಿಯಿಂದ 48 ತಾಸು ಆಯಿತು. ಹಳೆಯ ದೊಡ್ಡ ಗಿರಣಿಗಳು ಈಗ ಮುಚ್ಚಿವೆ. ಆದರೆ ಭೋಂಗಾ ಕೇಳಿ ಎದ್ದು ಓಡಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ಶಾಲೆಯಲ್ಲಿ ಇಂದಿಗೂ ಇದ್ದಾರೆ.

ಓದುಗರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ನಮಗೆ ಇಂಥ ಕಾಯಿದೆಯನ್ನು ಮಾಡಿದ ಬ್ರಿಟನ್ನಿನಲ್ಲಿಯೇ ಬೆಳೆದ ಗಂಡಸರ ದುಡಿಮೆಗೆ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಕಾಯಿದೆಯ ಮಿತಿ 1998ರವರೆಗೆ ಇರಲಿಲ್ಲ. ಗಣಿ ಮೊದಲಾದ ಕೆಲವು ಉದ್ಯೋಗಗಳಿಗೆ ಮಾತ್ರ ಪ್ರತ್ಯೇಕ ಕಟ್ಟಳೆಗಳಿದ್ದುವು. ಉಳಿದವರು ತಮ್ಮ ಸಂಘಗಳ ಬಲದಿಂದ ಮಾಲಕರೊಡನೆ ಚೌಕಾಶಿ ಮಾಡಿ ತಾಸುಗಳನ್ನು ಇಳಿಸಿಕೊಂಡರು. ಸರಕಾರವು ಗಂಡಸಿನ ದುಡಿಮೆಯಲ್ಲಿ ಕೈಹಾಕಬಾರದೆಂಬುದು ಮಾಲಕರದಷ್ಟೇ ಅಲ್ಲ, ಎಷ್ಟೋ ಸಂಘಗಳವರ ಅಭಿಮಾನದ ಮಾತೂ ಆಗಿದ್ದಿತು.

ಕಡಿಮೆ ತಾಸು ದುಡಿದರೆ ಕೆಲಸ ಕಡಿಮೆಯಾಗುವುದೆ? ಈ ಪ್ರಶ್ನೆಯನ್ನು ವಾದದಿಂದಲ್ಲ, ಪ್ರಯೋಗದಿಂದ ಬಿಡಿಸಿದವರಲ್ಲಿ ವಿಲಿಯಂ ಮೇಥರ್ ಪ್ರಮುಖನು. ಸ್ಯಾಲ್‌ಫರ್ಡ್ ಊರಿನ ಮೇಥರ್ ಮತ್ತು ಪ್ಲ್ಯಾಟ್ ಎಂಬ ಕಬ್ಬಿಣದ ಕಾರಖಾನೆಯಲ್ಲಿ ಆತನು 1893ರಲ್ಲಿ ವಾರದ ದುಡಿಮೆಯನ್ನು 53 ತಾಸಿನಿಂದ 48ಕ್ಕೆ ಇಳಿಸಿ ಒಂದು ವರ್ಷ ಲೆಕ್ಕವಿಟ್ಟನು. ಅವನು ಕಡಿದುಹಾಕಿದ್ದು ಉಪಾಹಾರಕ್ಕೆ ಮೊದಲಿನ ಮುಂಜಾವಿನ ದುಡಿಮೆಯನ್ನು. ಬರಿಹೊಟ್ಟೆಯಲ್ಲಿ, ಚಳಿಯಲ್ಲಿ, ಅರೆನಿದ್ದೆಯಲ್ಲಿ ಬಂದವರಿಂದ ಆ ಹೊತ್ತಿನಲ್ಲಿ ಆಗುತ್ತಿದ್ದ ಕೆಲಸವೆಷ್ಟೆಂಬುದು ಆಗ ಬಯಲಾಯಿತು. ವರ್ಷದ ಕೊನೆಗೆ ನೋಡಿದರೆ ಉತ್ಪನ್ನವು ಕುಗ್ಗಿರಲಿಲ್ಲ. ಗೈರುಹಾಜರಿಯಿಂದ ಹಾಳಾಗುವ ಹೊತ್ತು ಇಳಿದಿತ್ತು. ಸರಕಾರವು ಇದನ್ನು ಕಂಡು 1894ರಲ್ಲಿ ತನ್ನ ಶಸ್ತ್ರಾಗಾರಗಳಲ್ಲಿಯೂ 48 ತಾಸನ್ನು ಜಾರಿಗೆ ತಂದಿತು.

ಇಷ್ಟಾದರೂ ಪಾಠವು ನೆನಪಿನಲ್ಲಿ ಉಳಿಯಲಿಲ್ಲ. 1914ರಲ್ಲಿ ಮಹಾಯುದ್ಧವು ಆರಂಭವಾದೊಡನೆ, ದೇಶಭಕ್ತಿಯ ಹೆಸರಿನಲ್ಲಿ ಮದ್ದುಗುಂಡಿನ ಕಾರಖಾನೆಗಳಲ್ಲಿ ವಾರಕ್ಕೆ 70, 80 ತಾಸುಗಳ ದುಡಿಮೆ, ಭಾನುವಾರವೂ ಸೂಟಿಯಿಲ್ಲ. 1915ರಲ್ಲಿ ಸರಕಾರವು ಆ ಕೂಲಿಕಾರರ ಆರೋಗ್ಯದ ವಿಚಾರಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಅದರ ಪರವಾಗಿ ಎಚ್. ಎಮ್. ವರ್ನನ್ ಎಂಬ ಶಾಸ್ತ್ರಜ್ಞನು ಕಾರಖಾನೆಗಳಲ್ಲಿ ಕುಳಿತು, ಯಾರು ಯಾವ ತಾಸಿನಲ್ಲಿ ಎಷ್ಟು ತುಣುಕುಗಳನ್ನು ಮುಗಿಸಿದರೆಂದು ಎಣಿಸಿದನು. ಗುಂಡಿನ ಮೂತಿಯ ಭಾಗವನ್ನು ಕಡೆಯುತ್ತಿದ್ದ ಹೆಂಗಸರ ಒಂದು ಗುಂಪಿನಲ್ಲಿ, ವಾರದ ನಿಜವಾದ ದುಡಿಮೆಯು ಸುಮಾರು 66 ತಾಸಿನಿಂದ ಸುಮಾರು 46 ತಾಸಿಗೆ ಇಳಿದಾಗ, ವಾರದ ಒಟ್ಟು ಉತ್ಪನ್ನವು ಇಳಿಯುವುದಿರಲಿ, ಸ್ವಲ್ಪ ಏರಿತು! ಭಾನುವಾರದ ದುಡಿಮೆಯಿಂದ ಗಳಿಸಿದುದನ್ನು ಸೋಮವಾರ ಮಂಗಳವಾರಗಳ ದಣಿವು ನುಂಗಿಹಾಕುತ್ತದೆಂದೂ ಆ ಸಮಿತಿಯು ಕಂಡುಕೊಂಡಿತು. ಪರೀಕ್ಷೆಯ ಮುನ್ನಾ ರಾತ್ರಿಯಿಡೀ ದೀಪ ಉರಿಸುವ ವಿದ್ಯಾರ್ಥಿಗಳು ಇದನ್ನು ಎರಡು ಸಲ ಓದಿದರೆ ನಮಗೆ ಬೇಸರವಿಲ್ಲ.

ಬ್ರಿಟನ್ನಿನ ಕಾರಖಾನೆಗಳಲ್ಲಿ ತಾಸುಗಳಿಗಿಂತಲೂ ಆಳವಾಗಿ ಕೊರೆದುದು ಮೇಲು ಕೀಳೆಂಬ ಭಾವನೆ. ಕೂಲಿಕಾರನು ಬಂದೊಡನೆ ಗಡಿಯಾರದ ಯಂತ್ರದಲ್ಲಿ ತನ್ನ ಚೀಟಿಯನ್ನು ಒತ್ತಿಸಬೇಕು; ಕಾರಕೂನನಿಗೆ ಆ ಕಟ್ಟಿಲ್ಲ. ಊಟಕ್ಕೆ ಕೂಲಿಕಾರರಿಗೊಂದು ಮನೆ, ಕಚೇರಿಯವರಿಗೊಂದು, ದೊಡ್ಡ ಅಧಿಕಾರಿಗಳಿಗೆ ಬೇರೆಯೇ ಒಂದು. ಪಂಕ್ತಿಭೇದವು ನಮ್ಮಲ್ಲಿ ಮಾತ್ರ ಇದ್ದ ದೋಷವೆಂದು ತಿಳಿದವರು ಇದನ್ನು ನೋಡಬೇಕು. 1986ರಲ್ಲಿ ನಿಸ್ಸಾನ್ ಎಂಬ ಜಪಾನೀ ಕಂಪನಿಯು ಸಂಡರ್ಲೆಂಡಿನಲ್ಲಿ ಮೋಟಾರು ಕಾರಖಾನೆ ತೆರೆದು, ಅಧಿಕಾರಿಗೂ ಕೂಲಿಕಾರನಿಗೂ ಒಂದೇ ಊಟದ ಮನೆ, ಒಂದೇ ಬಗೆಯ ಉಡುಪು ಎಂದಾಗ, ಅಲ್ಲಿಯ ಪತ್ರಿಕೆಗಳಿಗೆ ಅದೇ ಒಂದು ದೊಡ್ಡ ಸುದ್ದಿಯಾಯಿತು.

ಆಡಳಿತದವರು ದುಡಿಯುವವನನ್ನು ನಂಬದೆ ಹೋದರೆ ಏನಾಗುವುದೆಂಬುದಕ್ಕೆ ಕಲ್ಲಿದ್ದಲ ಗಣಿಗಳ ನಿದರ್ಶನವಿದೆ. ಹಿಂದೆ ಅಲ್ಲಿ ಒಬ್ಬರನ್ನೊಬ್ಬರು ಆರಿಸಿಕೊಂಡ ಸಣ್ಣ ಜೊತೆಗಳು ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ತಾವೇ ಮಾಡುತ್ತಿದ್ದುವು. ಯಂತ್ರಗಳು ಬಂದ ಮೇಲೆ ನಲವತ್ತು ಐವತ್ತು ಜನರನ್ನು ಮೂರು ಪಾಳಿಗಳಾಗಿ ಒಡೆದು, ಒಂದು ಪಾಳಿಗೆ ಕೊರೆಯುವುದು, ಇನ್ನೊಂದಕ್ಕೆ ಸಾಗಿಸುವುದು ಎಂದು ಹಂಚಿದರು. ಯಂತ್ರ ಒಳ್ಳೆಯದಾಗಿದ್ದರೂ ಫಲ ನಿರೀಕ್ಷಿಸಿದಷ್ಟು ಬರಲಿಲ್ಲ. ಗೈರುಹಾಜರಿ ಹೆಚ್ಚಿತು, ಒಂದು ಪಾಳಿಯವರು ಮತ್ತೊಂದನ್ನು ದೂಷಿಸತೊಡಗಿದರು. 1951ರಲ್ಲಿ ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್ ಎಂಬಿಬ್ಬರು ಈ ವಿಷಯವಾಗಿ ಬರೆದ ಪ್ರಬಂಧವು ಪ್ರಸಿದ್ಧವಾಯಿತು. ಬ್ಯಾಮ್‌ಫರ್ತನು ಹಿಂದೆ ತಾನೇ ಗಣಿಯಲ್ಲಿ ದುಡಿದವನಾದುದರಿಂದ, ಹೊರಗಿನವರ ಕಣ್ಣಿಗೆ ಬೀಳದುದು ಅವನಿಗೆ ಕಂಡಿತು: ಯಂತ್ರದೊಂದಿಗೆ ಬಂದ ಹೊಸ ಏರ್ಪಾಡು, ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತಿದ್ದ ಆ ಜೊತೆಗಳನ್ನೇ ಒಡೆದಿತ್ತು.

ಇನ್ನು ಕಚೇರಿಗಳಿಗೆ ಬರೋಣ. ಗಿರಣಿಯಲ್ಲಿ ನೂಲನ್ನು ತೂಗಬಹುದು. ಕಚೇರಿಯ ಕೆಲಸವನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅಳೆಯಲು ಬಾರದ ಅಧಿಕಾರಿಯು ಕುರ್ಚಿಯನ್ನು ನೋಡುತ್ತಾನೆ. ಅದು ತುಂಬಿದ್ದರೆ ಕೆಲಸ ನಡೆದಿದೆಯೆಂದು ತಿಳಿಯುತ್ತಾನೆ. 1955ರಲ್ಲಿ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ ಎಂಬ ಇತಿಹಾಸಕಾರನು, ಕೆಲಸವು ಅದಕ್ಕೆ ಕೊಟ್ಟಷ್ಟು ಹೊತ್ತನ್ನು ತುಂಬುವಂತೆ ಹಿಗ್ಗುತ್ತದೆಂದು ವಿನೋದವಾಗಿ ಬರೆದನು. 1914ರಿಂದ 1928ರವರೆಗೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧ ಹಡಗುಗಳು 62ರಿಂದ 20ಕ್ಕೆ ಇಳಿದರೂ, ಕೇಂದ್ರ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರೆಂಬ ಅವನ ಲೆಕ್ಕವು ಇಂದಿಗೂ ನಗೆ ತರುತ್ತದೆ. 1974ರ ಜನವರಿಯಿಂದ ಮಾರ್ಚಿಯವರೆಗೆ, ಕಲ್ಲಿದ್ದಲ ಅಭಾವದಿಂದ ವಾರಕ್ಕೆ ಮೂರು ದಿನ ಮಾತ್ರ ವಿದ್ಯುತ್ತೆಂದು ಸರಕಾರವು ಆಜ್ಞೆ ಮಾಡಿದಾಗಲೂ, ಉತ್ಪನ್ನವು ದಿನಗಳು ಇಳಿದ ಪ್ರಮಾಣದಲ್ಲಿ ಇಳಿಯಲಿಲ್ಲ. ಅದಾವುದನ್ನೂ ಕಚೇರಿಗಳು ಮನಸ್ಸಿಗೆ ತಂದುಕೊಂಡಂತೆ ಕಾಣದು.

ಇದರ ಬೆಲೆಯನ್ನು ದೇಹವು ತೆರುತ್ತದೆ. ಲಂಡನ್ನಿನ ಸರಕಾರಿ ಕಚೇರಿಗಳ ನೌಕರರನ್ನು 1967ರಿಂದ ವೈದ್ಯರು ಪರೀಕ್ಷಿಸುತ್ತ ಬಂದಿದ್ದಾರೆ. ದೊಡ್ಡ ಹೊಣೆ ಹೊತ್ತ ಮೇಲಧಿಕಾರಿಗಳಿಗೆ ಹೃದಯರೋಗ ಹೆಚ್ಚೆಂದು ಎಲ್ಲರೂ ಬಗೆದಿದ್ದರು. ಕಂಡುಬಂದುದು ತಿರುಗುಮುರುಗು: ಆ ರೋಗದಿಂದ ಸಾಯುವವರ ಪ್ರಮಾಣವು ಜವಾನರು, ಬಾಗಿಲು ಕಾಯುವವರು ಮೊದಲಾದ ಕೆಳದರ್ಜೆಯವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. 1985ರಲ್ಲಿ 10,308 ಗಂಡಸರನ್ನೂ ಹೆಂಗಸರನ್ನೂ ಆರಿಸಿಕೊಂಡು ಆರಂಭಿಸಿದ ಎರಡನೆಯ ಶೋಧನೆಯಲ್ಲಿ ಮೈಕೇಲ್ ಮಾರ್ಮಟ್ ಮತ್ತು ಸಂಗಡಿಗರು, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದೂ ಇದಕ್ಕೆ ಒಂದು ಕಾರಣವೆಂದು ತೋರಿಸಿದರು. 2010ರಲ್ಲಿ ಪ್ರಕಟವಾದ ಭಾಗದಲ್ಲಿ, ದಿನಕ್ಕೆ ಮೂರು ನಾಲ್ಕು ತಾಸು ಹೆಚ್ಚಿಗೆ ದುಡಿಯುವವರಿಗೆ ಹೃದಯರೋಗದ ಸಂಭವವು ಸುಮಾರು ಶೇಕಡಾ 60ರಷ್ಟು ಅಧಿಕವೆಂದಿದೆ.

1998ರ ಅಕ್ಟೋಬರದಲ್ಲಿ, ಯುರೋಪಿನ ಒಕ್ಕೂಟದ ಆಜ್ಞೆಗೆ ಅನುಸಾರವಾಗಿ, ವಾರಕ್ಕೆ ಸರಾಸರಿ 48 ತಾಸಿನ ಮಿತಿಯು ಕಡೆಗೂ ಬ್ರಿಟನ್ನಿಗೆ ಬಂದಿತು. ಅಲ್ಲಿಯ ಸರಕಾರವು ಇದನ್ನು ತಪ್ಪಿಸಿಕೊಳ್ಳಲು ಯುರೋಪಿನ ನ್ಯಾಯಾಲಯದವರೆಗೂ ಹೋಗಿ 1996ರಲ್ಲಿ ಸೋತಿತ್ತು. ಆದರೆ ಕಟ್ಟಳೆಯಲ್ಲಿ ಒಂದು ಕಿಂಡಿಯನ್ನು ಉಳಿಸಿಕೊಂಡರು: ನೌಕರನು ತನ್ನ ಇಚ್ಛೆಯಿಂದ ಬರೆದುಕೊಟ್ಟರೆ ಮಿತಿಯು ಅವನಿಗೆ ಅನ್ವಯಿಸದು. ನಮ್ಮ ಹಳೆಯ ವಿದ್ಯಾರ್ಥಿಯೂ ಮೊದಲ ದಿನವೇ, ಹತ್ತಾರು ಕಾಗದಗಳ ನಡುವೆ, ಈ ಕಾಗದಕ್ಕೂ ಸಹಿ ಮಾಡಿದರಂತೆ. "ಒಲ್ಲೆ ಅನ್ನಬಹುದಿತ್ತು. ಆದರ ಹೊಸದಾಗಿ ಸೇರಿದಾವ ಹ್ಯಾಂಗ ಅನ್ನೂದು?" ಎಂದರು. ಯಾರೂ ಬಲವಂತ ಮಾಡಲಿಲ್ಲವೆಂಬುದೂ ನಿಜ.

ಇಷ್ಟೆಲ್ಲ ಕುಳಿತೂ ಬ್ರಿಟನ್ನು ಮುಂದಿದೆಯೇ? ಜರ್ಮನಿಯ ದುಡಿಮೆಗಾರನು ವರ್ಷಕ್ಕೆ ಸರಾಸರಿ 1,300 ತಾಸುಗಳಿಗೆ ತುಸು ಮೇಲೆ ದುಡಿದರೆ, ಬ್ರಿಟನ್ನಿನವನು ಸುಮಾರು 1,500 ತಾಸು. ಆದರೆ ಒಂದು ತಾಸಿನಲ್ಲಿ ಆಗುವ ಉತ್ಪನ್ನವು ಜರ್ಮನಿಯಲ್ಲಿಯೇ ಹೆಚ್ಚು. ಅರೆಹೊತ್ತಿನ ನೌಕರಿ ಜರ್ಮನಿಯಲ್ಲಿ ಬಹಳವಿರುವುದರಿಂದ ಈ ಸರಾಸರಿಯನ್ನು ಎಚ್ಚರದಿಂದ ಓದಬೇಕು. ಒಳ್ಳೆಯ ಯಂತ್ರ, ಒಳ್ಳೆಯ ತರಬೇತಿ, ಆಡಳಿತದ ಜಾಣತನ ಇವೇ ಅಂತರಕ್ಕೆ ಕಾರಣಗಳೆಂದು ಬಲ್ಲವರು ಹೇಳುತ್ತಾರೆ. ಸೋಮಾರಿತನವೆಂದು ಹೇಳುವವರು ರಾಜಕಾರಣಿಗಳಲ್ಲಿ ಇದ್ದಾರೆ. ಅಂಕಿಗಳು ಅವರ ಪರವಾಗಿಲ್ಲ.

ಮೇಥರನ ಪ್ರಯೋಗವನ್ನು ನೆನಪಿಸುವಂತೆ, 2022ರ ಜೂನಿನಿಂದ ಡಿಸೆಂಬರಿನವರೆಗೆ ಬ್ರಿಟನ್ನಿನ 61 ಸಂಸ್ಥೆಗಳು ಸುಮಾರು 2,900 ನೌಕರರ ದುಡಿಮೆಯನ್ನು ಪಗಾರ ಇಳಿಸದೆ ಕಡಿಮೆ ಮಾಡಿ ನೋಡಿದುವು. ಹಲವರು ವಾರಕ್ಕೆ ನಾಲ್ಕೇ ದಿನ ಬಂದರು. ಅವಧಿ ಮುಗಿದಾಗ 56 ಸಂಸ್ಥೆಗಳು ಇದನ್ನು ಮುಂದುವರಿಸುವೆವೆಂದುವು. ತಾವಾಗಿ ಮುಂದೆ ಬಂದ ಸಂಸ್ಥೆಗಳಿವು. ಇಲ್ಲಿ ಗೆದ್ದುದು ಆಸ್ಪತ್ರೆಯಲ್ಲಿಯೂ ರೈಲಿನಲ್ಲಿಯೂ ಗೆದ್ದೀತೆಂದು ಹೇಳಲಾಗದು.

ನಮ್ಮ ಹಳೆಯ ವಿದ್ಯಾರ್ಥಿಯ ಈಗಿನ ಕಚೇರಿಯು ಆ 61ರಲ್ಲಿ ಒಂದಲ್ಲ. ಆದರೆ ಕೆಲಸದ ಹೊತ್ತನ್ನು ಬದಲಿಸಿ ಕೊಡಿರೆಂದು ಸೇರಿದ ಮೊದಲ ದಿನದಿಂದಲೇ ಕೇಳುವ ಅಧಿಕಾರವು 2024ರ ಏಪ್ರಿಲಿನಿಂದ ಇಂಗ್ಲೆಂಡಿನ ನೌಕರನಿಗೆ ದೊರೆತಿದೆ. ವರ್ಷಕ್ಕೆ ಎರಡು ಸಲ ಕೇಳಬಹುದು. ಮಾಲಕರು ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಇಲ್ಲವೆನ್ನುವುದಾದರೆ ಮೊದಲು ಕೂಡಿ ಮಾತಾಡಿ, ಕಾರಣ ಹೇಳಬೇಕು. ಮಗಳನ್ನು ಶಾಲೆಯಿಂದ ತಾನೇ ಕರೆತರಬೇಕೆಂದು, ಬುಧವಾರ ಮತ್ತು ಶುಕ್ರವಾರ ಮೂರು ಗಂಟೆಗೆ ಏಳುವೆನೆಂದು ಅವರು ಅರ್ಜಿ ಕೊಟ್ಟು ಊರಿಗೆ ಬಂದಿದ್ದರು. ಉತ್ತರವು ಆಗ ಇನ್ನೂ ಬಂದಿರಲಿಲ್ಲ.